ಕಾಂಕ್ರೀಟ್ ಕಲಸುವ ನೀರು: ಕರಾವಳಿಯ ರೈತರು ಗಮನಿಸಬೇಕಾದ ಅಂಶಗಳು

ಕೊಟ್ಟಿಗೆ, ನೀರಿನ ತೊಟ್ಟಿ, ಗೋಬರ್ ಗ್ಯಾಸ್ ಘಟಕ ಮುಂತಾದವುಗಳನ್ನು ಕಟ್ಟಿಸುವಾಗ ರೈತರು ಸಿಮೆಂಟು, ಮರಳುಗಳ ಗುಣಮಟ್ಟವನ್ನು ವಿಚಾರಿಸುತ್ತಾರೆ. ಕಲಸುವ ನೀರನ್ನು ಪರೀಕ್ಷಿಸುವುದು ವಿರಳ. ಆದರೆ ಉಡುಪಿ ಜಿಲ್ಲೆಯಲ್ಲಿ ನೀರಿನ ಗುಣವು ಊರಿಂದ ಊರಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ.

ಕಾಪು ಹಾಗೂ ಉಡುಪಿಯ ಕಡಲಂಚಿನ ಬಾವಿಗಳಲ್ಲಿ ಬೇಸಿಗೆಯಲ್ಲಿ ಸಿಹಿನೀರಿನ ಮಟ್ಟ ಕುಸಿದಂತೆ ಉಪ್ಪಿನಂಶ ಏರಬಹುದು. ಕಟ್ಟಡದ ಕೆಲಸ ಭರದಿಂದ ಸಾಗುವುದೂ ಅದೇ ಬೇಸಿಗೆಯಲ್ಲಿ. ಆ ನೀರಿಗೆ ತೆಂಗು ಚೆನ್ನಾಗಿ ಬೆಳೆಯುತ್ತದೆ ಎಂಬ ಕಾರಣಕ್ಕೆ ಅದು ಕಾಂಕ್ರೀಟಿಗೂ ಯೋಗ್ಯವೆಂದು ಭಾವಿಸಬಾರದು. ತೆಂಗು ಉಪ್ಪನ್ನು ಸಾಕಷ್ಟು ಸಹಿಸುತ್ತದೆ. ಕಬ್ಬಿಣದ ಸರಳು ಸಹಿಸದು.

ಸಿಮೆಂಟಿನ ಕ್ಷಾರಗುಣದಿಂದ ಸರಳಿನ ಮೇಲೆ ತೆಳುವಾದ ರಕ್ಷಣಾ ಪದರ ಉಂಟಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಪದರವನ್ನು ಭೇದಿಸಿದಾಗ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಬಿರಿಯುತ್ತದೆ. ಉಪ್ಪುನೀರಿನಲ್ಲಿ ಕಲಸಿದ ಕಾಂಕ್ರೀಟ್ ಆರಂಭದಲ್ಲಿ ಬೇಗನೆ ಗಟ್ಟಿಯಾಗುವುದೂ ಉಂಟು. ಆದುದರಿಂದ ಮೊದಲ ದಿನಗಳ ಗಟ್ಟಿತನವು ನೀರಿನ ಶುದ್ಧತೆಗೆ ಸಾಕ್ಷಿಯಲ್ಲ.

ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ, ಸರಳು ಬಳಸುವ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ ಕ್ಲೋರೈಡ್ 500 ಮಿಲಿಗ್ರಾಂ ಮೀರಬಾರದು. ಸರಳಿಲ್ಲದಿದ್ದರೆ 2000 ಮಿಲಿಗ್ರಾಂವರೆಗೆ ಅವಕಾಶವಿದೆ. ಸಾವಯವ ಪದಾರ್ಥ 200, ತೇಲುವ ಕಣಗಳು 2000 ಮಿಲಿಗ್ರಾಂ ಮೀರಬಾರದು. ರಸಸಾರ 6ಕ್ಕಿಂತ ಕಡಿಮೆ ಇರಬಾರದು. ನೀರಾವರಿ ನೀರಿನ ಪರೀಕ್ಷಾ ವರದಿಯಲ್ಲಿ ಕ್ಲೋರೈಡನ್ನು ಮಿಲಿಇಕ್ವಿವಲೆಂಟ್‌ನಲ್ಲಿ ನಮೂದಿಸಿದ್ದರೆ ಅದನ್ನು 35.5ರಿಂದ ಗುಣಿಸಿರಿ. ಅಂದರೆ ಲೀಟರಿಗೆ ಸುಮಾರು 14 ಮಿಲಿಇಕ್ವಿವಲೆಂಟ್ ನಿಮ್ಮ ಮಿತಿ.

ಮಣಿಪಾಲ, ಕಾರ್ಕಳಗಳ ಮುರಕಲ್ಲಿನ ನೆಲದಲ್ಲಿ ಸಮಸ್ಯೆ ಬೇರೆ. ಅಲ್ಲಿನ ಬಾವಿನೀರು ಆಮ್ಲೀಯವಾಗಿರುವುದುಂಟು. ಕಲ್ಲುಕೋರೆಯ ಹೊಂಡದ ನೀರಿನಲ್ಲಿ ಕೆಂಪು ಜೇಡಿಯೂ, ಮರದಡಿಯ ಕೆರೆಗಳಲ್ಲಿ ಕೊಳೆತ ಎಲೆಯ ರಸವೂ ಸೇರಿರುತ್ತವೆ. ಜೇಡಿಯು ಸಿಮೆಂಟು ಮತ್ತು ಜಲ್ಲಿಯ ಬೆಸುಗೆಯನ್ನು ದುರ್ಬಲಗೊಳಿಸುತ್ತದೆ. ಎಲೆಯ ರಸವು ಸಿಮೆಂಟು ಗಟ್ಟಿಯಾಗುವುದನ್ನು ತಡಮಾಡುತ್ತದೆ. ಕದಡಿದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಬಳಸಿರಿ. ಆದರೆ ಕರಗಿದ ಉಪ್ಪು ಹೀಗೆ ತಂಗುವುದಿಲ್ಲ ಎಂಬುದು ನೆನಪಿರಲಿ.

ಅನುಸರಿಸಬೇಕಾದ ಕ್ರಮಗಳು:

• ಕೆಲಸ ಆರಂಭಿಸುವ ಮುನ್ನ, ಅದೇ ಋತುವಿನ ನೀರನ್ನು ಪರೀಕ್ಷೆ ಮಾಡಿಸಿರಿ. ಮಳೆಗಾಲದ ವರದಿಯನ್ನು ಬೇಸಿಗೆಗೆ ಅನ್ವಯಿಸಬೇಡಿರಿ.

• ಬಾವಿನೀರು ಉಪ್ಪಾಗಿದ್ದರೆ ಸಿಹಿನೀರನ್ನು ಹೊರಗಿನಿಂದ ತರಿಸಿರಿ.

• ಬೆಲ್ಲ ಹಾಕಿ ಜೀವಾಮೃತ ತಯಾರಿಸಿದ ಅಥವಾ ಪೊಟ್ಯಾಷ್ ಗೊಬ್ಬರ ಕರಗಿಸಿದ ಡ್ರಮ್ಮುಗಳನ್ನು ಕಾಂಕ್ರೀಟಿನ ನೀರಿಗೆ ಬಳಸಬೇಡಿರಿ. ಸಕ್ಕರೆಯ ಅಂಶ ಸಿಮೆಂಟು ಗಟ್ಟಿಯಾಗದಂತೆ ತಡೆಯುತ್ತದೆ. ಮ್ಯೂರೇಟ್ ಆಫ್ ಪೊಟ್ಯಾಷ್ ಎಂಬುದು ಕ್ಲೋರೈಡ್ ಲವಣವೇ ಆಗಿದೆ.

• ಕ್ಯೂರಿಂಗ್‌ಗೂ ಇದೇ ಗುಣಮಟ್ಟದ ನೀರು ಅಗತ್ಯ. ಸಿಹಿನೀರಿನಲ್ಲಿ ಕಲಸಿದ ತಾರಸಿಗೆ ದಿನವೂ ಉಪ್ಪುನೀರು ಹನಿಸಿದರೆ, ದೂರವಿರಿಸಿದ ಕ್ಲೋರೈಡನ್ನು ನಾವೇ ಒಳಗೆ ಬಿಟ್ಟುಕೊಂಡಂತಾಗುತ್ತದೆ.