ಫ್ಲ್ಯಾನರಿ ಓಕಾನರ್: ಕಾಯಿಲೆ ಮತ್ತು ಕ್ರೈಸ್ತ ನಂಬಿಕೆ

ಫ್ಲ್ಯಾನರಿ ಓಕಾನರ್ (25 ಮಾರ್ಚ್ 1925 – 3 ಆಗಸ್ಟ್ 1964) ಅಮೆರಿಕದ ಜಾರ್ಜಿಯಾ ರಾಜ್ಯದ ಕಾದಂಬರಿಗಾರ್ತಿ ಮತ್ತು ಕಥೆಗಾರ್ತಿ. ಪ್ರಾಟೆಸ್ಟಂಟರೇ ಬಹುಸಂಖ್ಯಾತರಾಗಿದ್ದ ಪ್ರದೇಶದ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಜನಿಸಿದ ಇವರು, ಬದುಕಿನ ಕೊನೆಯ ಹದಿಮೂರಕ್ಕೂ ಹೆಚ್ಚು ವರ್ಷಗಳನ್ನು ಲೂಪಸ್ ಎಂಬ ಕಾಯಿಲೆಯೊಡನೆ ಕಳೆದರು. ಚಿಕಿತ್ಸೆಯನ್ನು ಬಿಡದೆ, ಗುಣಮುಖರಾಗುವುದನ್ನೇ ಪ್ರಾರ್ಥನೆಯ ಗುರಿಯಾಗಿಸಿಕೊಳ್ಳದೆ ಅವರು ನಂಬಿಕೆಯನ್ನು ಉಳಿಸಿಕೊಂಡ ಬಗೆ ಅವರ ಪತ್ರಗಳಲ್ಲಿ ಕಾಣುತ್ತದೆ. ಗೆಳತಿ ಸ್ಯಾಲಿ ಫಿಟ್ಜ್‌ಜೆರಾಲ್ಡ್ ಸಂಪಾದಿಸಿದ ಈ ಪತ್ರಗಳು 1979ರಲ್ಲಿ ‘ದಿ ಹ್ಯಾಬಿಟ್ ಆಫ್ ಬೀಯಿಂಗ್’ ಎಂಬ ಹೆಸರಿನಲ್ಲಿ ಪ್ರಕಟವಾದವು.

ಕಾಯಿಲೆ ಮತ್ತು ಚಿಕಿತ್ಸೆ

1950ರ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ನಿಂದ ಊರಿಗೆ ರೈಲಿನಲ್ಲಿ ಮರಳುವಾಗ ಅವರ ಆರೋಗ್ಯ ತೀವ್ರವಾಗಿ ಕೆಟ್ಟಿತು. ಮೊದಲಿಗೆ ಅದನ್ನು ಸಂಧಿವಾತವೆಂದು ಭಾವಿಸಲಾಗಿತ್ತು. ಲೂಪಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಕೀಲು, ಚರ್ಮ, ಮೂತ್ರಪಿಂಡ ಮೊದಲಾದವುಗಳ ಮೇಲೆ ದಾಳಿ ಮಾಡುತ್ತದೆ. ತಂದೆ ಎಡ್ವರ್ಡ್ ಇದೇ ಕಾಯಿಲೆಯಿಂದ 1941ರಲ್ಲಿ ತೀರಿಕೊಂಡಿದ್ದರು. ಆದ್ದರಿಂದಲೇ ತಾಯಿ ರೆಜೈನಾ ಮಗಳಿಂದ ಕಾಯಿಲೆಯ ಹೆಸರನ್ನು ಮುಚ್ಚಿಟ್ಟರು. 1952ರ ಬೇಸಿಗೆಯಲ್ಲಿ ಫಿಟ್ಜ್‌ಜೆರಾಲ್ಡ್ ನಿಜವನ್ನು ತಿಳಿಸಿದರು.

ಆ ಕಾಲಕ್ಕೆ ಹೊಸದಾಗಿದ್ದ ಎಸಿಟಿಎಚ್ ಎಂಬ ಹಾರ್ಮೋನು ಅವರ ಜೀವ ಉಳಿಸಿತು. ಹಂದಿಯ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದ ಈ ಔಷಧವನ್ನು ಅವರು ತಾವೇ ಚುಚ್ಚಿಕೊಳ್ಳುತ್ತಿದ್ದರು. ಮುಖ ಊದಿತು, ಕೂದಲು ಉದುರಿತು, ಸೊಂಟದ ಮೂಳೆ ಸವೆದು 1955ರಿಂದ ಊರುಗೋಲು ಅನಿವಾರ್ಯವಾಯಿತು. ಮಿಲೆಜ್‌ವಿಲ್ ಬಳಿಯ ‘ಆಂಡಲೂಸಿಯ’ ಎಂಬ ತೋಟದ ಮನೆಯಲ್ಲಿ ತಾಯಿಯೊಡನೆ ಇದ್ದು, ಬೆಳಗಿನ ಬಲಿಪೂಜೆಗೆ ಹೋಗಿಬಂದು, ಎರಡು-ಮೂರು ಗಂಟೆ ಬರೆಯುವುದು ಅವರ ದಿನಚರಿ. ರಾತ್ರಿ ಸಂತ ಥಾಮಸ್ ಅಕ್ವಿನಾಸರ ಗ್ರಂಥದ ಓದು. ಉಳಿದ ಹೊತ್ತು ನವಿಲುಗಳದು. ಕ್ರೈಸ್ತ ಕಲೆಯಲ್ಲಿ ಪುನರುತ್ಥಾನದ ಸಂಕೇತವಾದ ಈ ಹಕ್ಕಿ ಅವರ ಕಥೆಗಳಲ್ಲಿಯೂ ಬರುತ್ತದೆ.

1956ರ ಪತ್ರವೊಂದರಲ್ಲಿ ಅವರು ಕಾಯಿಲೆಯನ್ನು ಯಾರೂ ಜೊತೆಗೆ ಬರಲಾಗದ ಸ್ಥಳಕ್ಕೆ ಹೋಲಿಸಿ, ಸಾವಿಗೆ ಮುನ್ನ ಅದು ಬರುವುದನ್ನು ದೇವರ ಕರುಣೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ಇದನ್ನು ನೋವಿನ ವೈಭವೀಕರಣವೆಂದು ಓದುವುದು ಸರಿಯಾಗಲಾರದು. ನಂಬಿಕೆಯು ಸುಖದ ಸಾಧನವಲ್ಲ, ಶಿಲುಬೆಯೇ ಎಂಬ ಅವರ ನಿಲುವಿಗೆ ಅದು ಹೊಂದಿಕೊಂಡಿದೆ. ನಂಬಲಾಗದೆ ಒದ್ದಾಡುವವರ ಸಂಕಟವನ್ನೂ ಅವರು ಹಗುರವಾಗಿ ಕಂಡವರಲ್ಲ.

ಲೂರ್ದ್ ಯಾತ್ರೆ

1958ರಲ್ಲಿ ಅವರು ತಾಯಿಯೊಡನೆ ಫ್ರಾನ್ಸಿನ ಲೂರ್ದ್‌ಗೆ ಹೋದರು. ಅದು ಅಲ್ಲಿನ ಮರಿಯಮ್ಮನವರ ದರ್ಶನದ ಶತಮಾನೋತ್ಸವದ ವರ್ಷ. ಪ್ರಯಾಣದ ವೆಚ್ಚ ಹಿರಿಯ ಬಂಧು ಒಬ್ಬರದು. ತಾವು ಯಾತ್ರಿಕರಾಗಿ ಹೋಗುತ್ತಿರುವುದೇ ಹೊರತು ರೋಗಿಯಾಗಿ ಅಲ್ಲ, ನೀರಿಗೆ ಇಳಿಯುವುದಿಲ್ಲ ಎಂದು ಮೊದಲು ಹಟ ಹಿಡಿದಿದ್ದ ಓಕಾನರ್, ಇತರರ ಒತ್ತಾಯಕ್ಕೆ ಕೊನೆಗೆ ಮಣಿದರು. ಅಷ್ಟು ಮಂದಿ ರೋಗಿಗಳು ಮೀಯುವ ನೀರಿನಿಂದ ಸಾಂಕ್ರಾಮಿಕ ರೋಗ ಹರಡದಿರುವುದೇ ಅಲ್ಲಿನ ಪವಾಡವೆಂಬ ಹಾಸ್ಯವೂ ಪತ್ರಗಳಲ್ಲಿದೆ. ಅಲ್ಲಿ ಅವರು ಪ್ರಾರ್ಥಿಸಿದ್ದು ಮೂಳೆಗಾಗಿ ಅಲ್ಲ, ಮುಂದೆ ಸಾಗದೆ ನಿಂತಿದ್ದ ಕಾದಂಬರಿಗಾಗಿ. ಅದೇ ವರ್ಷದ ಕೊನೆಗೆ ಸೊಂಟದ ಮೂಳೆ ಸ್ವಲ್ಪ ಗಟ್ಟಿಯಾಗುತ್ತಿದೆ ಎಂದು ವೈದ್ಯರು ತಿಳಿಸಿದರು. ಆದರೆ ಆ ಸುಧಾರಣೆ ಉಳಿಯಲಿಲ್ಲ. ಕಾದಂಬರಿ ‘ದಿ ವಯಲೆಂಟ್ ಬೇರ್ ಇಟ್ ಅವೇ’ 1960ರಲ್ಲಿ ಹೊರಬಂದಿತು.

ಮೇರಿ ಆ್ಯನ್‌ಳ ಪುಸ್ತಕ

ಅಟ್ಲಾಂಟದಲ್ಲಿ ಡೊಮಿನಿಕನ್ ಸನ್ಯಾಸಿನಿಯರು ನಡೆಸುತ್ತಿದ್ದ ಉಚಿತ ಕ್ಯಾನ್ಸರ್ ಆಶ್ರಯಧಾಮದಲ್ಲಿ, ಮುಖದ ಗೆಡ್ಡೆಯಿಂದ ಬಳಲುತ್ತಿದ್ದ ಮೇರಿ ಆ್ಯನ್ ಎಂಬ ಬಾಲಕಿ ಮೂರನೆಯ ವಯಸ್ಸಿನಿಂದ ಹನ್ನೆರಡರವರೆಗೆ ಬಾಳಿದಳು. ಅವಳ ಕಥೆ ಬರೆಯಿರೆಂದು ಸನ್ಯಾಸಿನಿಯರು ಕೇಳಿದಾಗ, ನೀವೇ ಬರೆಯಿರಿ ಎಂದ ಓಕಾನರ್, 1961ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಮುನ್ನುಡಿಯನ್ನು ಬರೆದರು. ಮಕ್ಕಳ ನೋವನ್ನು ದೇವರ ಒಳ್ಳೆಯತನದ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವ ವಾದಕ್ಕೆ ಅವರು ಅಲ್ಲಿ ಉತ್ತರಿಸುತ್ತಾರೆ. ತಪ್ಪಿಸಲಾಗದ ಕುಗ್ಗುವಿಕೆಯನ್ನು ಸ್ವೀಕರಿಸುವ ಬಗೆಯ ಕುರಿತು ಫ್ರೆಂಚ್ ಗುರು ತೆಯಾರ್ ದ ಶಾರ್ದಾಂ ಹೇಳಿದ ವಿಚಾರವನ್ನು ಬಾಲಕಿಯ ಬದುಕಿನಲ್ಲಿ ಕಾಣುತ್ತಾರೆ. ತಮ್ಮ ಕಾಯಿಲೆಯ ಪ್ರಸ್ತಾಪವನ್ನು ಮಾತ್ರ ಅಲ್ಲಿ ತರುವುದಿಲ್ಲ.

ಕೊನೆಯ ತಿಂಗಳುಗಳು

1964ರ ಫೆಬ್ರವರಿಯಲ್ಲಿ ನಡೆದ ಶಸ್ತ್ರಚಿಕಿತ್ಸೆಯ ನಂತರ ಲೂಪಸ್ ಮರುಕಳಿಸಿತು. ಆಸ್ಪತ್ರೆಯಲ್ಲಿ ಬರೆಯಲು ತಡೆಯೊಡ್ಡಿಯಾರೆಂದು ಅವರು ಹಸ್ತಪ್ರತಿಯನ್ನು ದಿಂಬಿನಡಿ ಇಟ್ಟುಕೊಂಡಿದ್ದರು. ಜುಲೈನಲ್ಲಿ ರೋಗಿಗಳ ತೈಲಲೇಪನ ಸಂಸ್ಕಾರವನ್ನು ಕೇಳಿ ಪಡೆದರು. ಆ ವಾರಗಳಲ್ಲಿಯೇ ‘ಪಾರ್ಕರ್ಸ್ ಬ್ಯಾಕ್’ ಕಥೆಯನ್ನು ತಿದ್ದುತ್ತಿದ್ದರು. ಬೆನ್ನಿನ ಮೇಲೆ ಕ್ರಿಸ್ತನ ಮುಖವನ್ನು ಹಚ್ಚೆ ಹಾಕಿಸಿಕೊಂಡವನ ಕಥೆ ಅದು. ಆಗಸ್ಟ್ 3ರಂದು, 39ನೆಯ ವಯಸ್ಸಿನಲ್ಲಿ, ಮೂತ್ರಪಿಂಡ ವೈಫಲ್ಯದಿಂದ ಮಿಲೆಜ್‌ವಿಲ್‌ನಲ್ಲಿ ನಿಧನರಾದರು. ಈ ಕಥೆ ಮರುವರ್ಷ ಪ್ರಕಟವಾದ ‘ಎವ್ರಿಥಿಂಗ್ ದಟ್ ರೈಸಸ್ ಮಸ್ಟ್ ಕನ್ವರ್ಜ್’ ಸಂಕಲನದಲ್ಲಿ ಸೇರಿದೆ.