ಕುಗ್ಗಿಸಿದ ಶಾಸನಪಾಠ, ಮರೆತ ಒಂದು ಗುರುತು

ಕಳೆದ ತಿಂಗಳು ಮಿತ್ರರೊಬ್ಬರು ಹೊಲದ ಬದುವಿನಲ್ಲಿದ್ದ ವೀರಗಲ್ಲಿನ ಮುಂದೆ ನಿಂತು ಫೋನ್ ಮಾಡಿದರು. "ಸಾರ್, ನಿಮ್ಮ ಆ್ಯಪ್ ಏನೋ ತೆರೀತು, ಆದ್ರೆ ಪಾಠಾನೇ ಬರ್ತಿಲ್ಲ." ಮೂರನೇ ಸಾಲಿನ ಒಂದು ಅಕ್ಷರವನ್ನು ನಮ್ಮ ಪಾಠದೊಂದಿಗೆ ಹೋಲಿಸಿ ನೋಡಲೆಂದೇ ಅವರು ಅಷ್ಟು ದೂರ ಹೋಗಿದ್ದರು. ಹಿಂದಿನ ರಾತ್ರಿಯಷ್ಟೇ ನಾನು ಕಡತಗಳನ್ನು ಕುಗ್ಗಿಸಿ ಕ್ಲೌಡ್‌ಗೆ ಏರಿಸಿದ್ದೆ. ಸಿಗ್ನಲ್ ಕಡಿಮೆ ಇರುವ ಊರಲ್ಲೂ ಬೇಗ ತೆರೆಯಲಿ ಅಂತಲೇ ಮಾಡಿದ ಕೆಲಸ ಅದು! ತಪ್ಪು ಪೂರ್ತಿ ನನ್ನದೇ. ಶಾಸನಪಾಠಗಳನ್ನು ಜಾಲಕ್ಕೆ ಹಾಕುತ್ತಿರುವ ಬೇರೆಯವರೂ ಇದೇ ಗುಂಡಿಗೆ ಬೀಳಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು, ಕುಗ್ಗಿಸುವುದು ಯಾಕೆ? ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ 'ಶ್ರೀ' ಎಂದರೆ ಶಕಾರ, ವಿರಾಮ, ರಕಾರ, ಈಕಾರದ ಚಿಹ್ನೆ. ಒಂದೊಂದಕ್ಕೂ 3 ಬೈಟ್, ಒಟ್ಟು 12. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಕನ್ನಡದ ಪ್ರತಿ ಚಿಹ್ನೆಯ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದರ ಮೇಲೆ ಶಾಸನಗಳಲ್ಲಿ ಅದೇ 'ಸ್ವಸ್ತಿ', ಅದೇ ಬಿರುದಾವಳಿ, ಅದೇ ಶಾಪಾಶಯ ಮತ್ತೆ ಮತ್ತೆ ಬರುತ್ತವೆ. ಜಿಜಿಪ್ ವಿಧಾನ 32 ಕಿಲೋಬೈಟ್ ಹಿಂದಿನವರೆಗೂ ನೋಡಿ, ಮೊದಲೇ ಬಂದದ್ದನ್ನು ಪುನಃ ಬರೆಯದೆ "ಇಷ್ಟು ಹಿಂದೆ ಹೋಗಿ ಇಷ್ಟು ಉದ್ದ ತಗೋ" ಎಂದು ಗುರುತು ಹಾಕುತ್ತದೆ. ನಮ್ಮ ಪಾಠಗಳು ಕಾಲುಭಾಗಕ್ಕಿಂತ ಕಡಿಮೆಯಾದವು.

ಎನ್‌ಜಿನ್ಎಕ್ಸ್‌ನಂಥ ಸರ್ವರ್ ಆದರೆ, ಹೇಳಿಟ್ಟರೆ ಸಾಕು, ಬ್ರೌಸರ್ ಕೇಳಿದಾಗ ತಾನೇ ಕುಗ್ಗಿಸಿ ಕೊಡುತ್ತದೆ. ನಾವು ಕಡತಗಳನ್ನು ಇಟ್ಟಿರುವುದು ಅಮೆಜಾನ್ ಎಸ್3ಯಲ್ಲಿ. ಅದು ಉಗ್ರಾಣ, ಇಟ್ಟದ್ದನ್ನು ಇಟ್ಟಂತೆಯೇ ಕೊಡುತ್ತದೆ. ಹಾಗಾಗಿ ಏರಿಸುವ ಮೊದಲೇ ಕುಗ್ಗಿಸಬೇಕು. ಕಡತದ ಹೆಸರು ಜೆಸನ್ ಎಂದೇ ಇರಲಿ, ಆದರೆ ಜೊತೆಗಿರುವ ವಿವರದಲ್ಲಿ 'ಕಂಟೆಂಟ್-ಎನ್‌ಕೋಡಿಂಗ್: ಜಿಜಿಪ್' ಎಂದು ಬರೆಯಲೇಬೇಕು. ಶಾಸನದಲ್ಲಿ 'ಗ ೧೦' ಎಂದಿದ್ದರೆ ಹತ್ತು ಗದ್ಯಾಣ ಅಂತ ನಾವು ಬಿಡಿಸಿ ಓದುತ್ತೇವೆ. ರೂಢಿ ತಿಳಿಯದವನಿಗೆ ಅದು ಬರೀ ಗಕಾರ. ಬ್ರೌಸರ್ ಕೂಡ ಹಾಗೇ, ಹೇಳದಿದ್ದರೆ ಬಿಡಿಸುವುದಿಲ್ಲ.

ನಾನು ಮರೆತದ್ದು ಆ ಒಂದು ಸಾಲು. ಆ್ಯಪ್ ಪಾಠವನ್ನು ಓದಲು ಹೋಗಿ ಮೊದಲ ಬೈಟ್‌ಗೇ ಎಡವಿತ್ತು. ನಿಮಗೂ ಅನುಮಾನ ಬಂದರೆ ಬಂದ ಕಡತದ ಮೊದಲೆರಡು ಬೈಟ್ ನೋಡಿ: 1ಎಫ್, 8ಬಿ ಎಂದಿದ್ದರೆ ಅದು ಬಿಡಿಸದ ಜಿಜಿಪ್. ಗುರುತು ಸರಿಯಾಗಿದ್ದೂ ಬಿಡಿಸಿದ ಮೇಲೆ ಮತ್ತೆ ಅದೇ ಜೋಡಿ ಕಂಡರೆ ಎರಡು ಸಲ ಕುಗ್ಗಿಸಿದ್ದೀರಿ ಅಂತರ್ಥ.

ಎಸ್3ಯಲ್ಲಿ ಈ ವಿವರವನ್ನು ಇದ್ದಲ್ಲೇ ತಿದ್ದಲು ಬರುವುದಿಲ್ಲ, ಕಡತವನ್ನು ಅದರ ಮೇಲೆಯೇ ಮತ್ತೆ ನಕಲು ಮಾಡಬೇಕು. ಆಗ ಕಂಟೆಂಟ್-ಟೈಪ್ ಮೊದಲಾದವನ್ನೂ ಹೊಸದಾಗಿ ಬರೆಯಬೇಕು. ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದೆ. ಆದರೂ ಮಿತ್ರರ ಫೋನಿನಲ್ಲಿ ಖಾಲಿಯೇ! ಕ್ಯಾಶ್-ಕಂಟ್ರೋಲ್‌ನಲ್ಲಿ ಒಂದು ವರ್ಷ, ಅಂದರೆ 31536000 ಸೆಕೆಂಡ್, ಇಟ್ಟುಕೋ ಎಂದು ನಾನೇ ಹೇಳಿದ್ದೆನಲ್ಲ. ಕೆಟ್ಟ ಪ್ರತಿಯನ್ನೇ ಅದು ಜೋಪಾನ ಮಾಡಿಕೊಂಡು ಕೂತಿತ್ತು. ನನಗೆ ಇದು ಹೊಳೆಯುವಷ್ಟರಲ್ಲಿ ಅವರು ಬಸ್ ಹತ್ತಿದ್ದರು. ಈಗ ಪ್ರತಿ ಕಡತದ ಹೆಸರಿಗೂ ಅದರ ಒಳಗಿನ ಪಾಠದಿಂದಲೇ ಲೆಕ್ಕ ಹಾಕಿದ ಒಂದು ಹ್ಯಾಶ್ ಸೇರಿಸುತ್ತೇನೆ. ಪಾಠವನ್ನು ಬದಲಿಸಿದರೆ ಹೆಸರೂ ಬದಲಾಗುತ್ತದೆ. ಯಾವ ಹೆಸರನ್ನು ಕೇಳಬೇಕು ಎಂದು ಹೇಳುವ ಮುಖಪುಟವನ್ನು ಮಾತ್ರ ಹೀಗೆ ದೀರ್ಘಕಾಲ ಇಟ್ಟುಕೊಳ್ಳಲು ಹೇಳಬಾರದು.

ಎಸ್3ಯ ಮುಂದೆ ಕ್ಲೌಡ್‌ಫ್ರಂಟ್ ಇಟ್ಟರೆ ಅದೇ ಕುಗ್ಗಿಸಿಕೊಡುತ್ತದೆ, ಹೌದು. ಆದರೆ ತನ್ನ ಪಟ್ಟಿಯಲ್ಲಿರುವ ಬಗೆಯ ಕಡತಗಳನ್ನು ಮಾತ್ರ, ಅದೂ 1,000ದಿಂದ 1,00,00,000 ಬೈಟ್‌ಗಳೊಳಗೆ ಇದ್ದರೆ. ಒಂದು ಜಿಲ್ಲೆಯ ಪಾಠ, ಲಿಪ್ಯಂತರ, ಟಿಪ್ಪಣಿ ಎಲ್ಲವನ್ನೂ ಒಂದೇ ಕಡತಕ್ಕೆ ತುಂಬಿದರೆ ಆ ಮಿತಿ ದಾಟಿ, ಕುಗ್ಗದೆಯೇ ಹೋದೀತು. ನಾನು ತಾಲ್ಲೂಕುವಾರು ಒಡೆದಿದ್ದೇನೆ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬಿ. ಎಲ್. ರೈಸ್ ಶಾಸನಗಳಿಗೆ ಸಂಖ್ಯೆ ಕೊಟ್ಟದ್ದೂ ತಾಲ್ಲೂಕುವಾರೇ ಆದ್ದರಿಂದ ಹುಡುಕುವವರಿಗೂ ಸಲೀಸು. ಪಡಿಯಚ್ಚಿನ ಜೆಪೆಗ್ ಚಿತ್ರ, ಡಬ್ಲ್ಯೂಒಎಫ್ಎಫ್2 ಫಾಂಟ್ ಇವನ್ನು ಮುಟ್ಟಬೇಡಿ, ಅವು ಮೊದಲೇ ಕುಗ್ಗಿವೆ.

ಇನ್ನೊಂದು ಮಾತು. ಜಿಜಿಪ್ ಬೇಡ ಎನ್ನುವ ಪ್ರೋಗ್ರಾಂ ಕೇಳಿದರೂ ಎಸ್3 ಇದ್ದದ್ದನ್ನೇ ಕೊಡುತ್ತದೆ. ಪಾಠಗಳನ್ನು ಒಟ್ಟಿಗೆ ಇಳಿಸಿಕೊಂಡು ಪದಸೂಚಿ ಮಾಡುವ ಸಂಶೋಧಕರಿಗಾಗಿ ಕುಗ್ಗಿಸದ ಪ್ರತಿಯನ್ನೂ ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ.

ಮಿತ್ರರು ಹೋದ ಭಾನುವಾರ ಮತ್ತೆ ಅಲ್ಲಿಗೆ ಹೋಗಿದ್ದರು. ಈ ಸಲ ಪಾಠ ತೆರೆಯಿತು. ಮೂರನೇ ಸಾಲಿನದು ನಾನು ಟೈಪ್ ಮಾಡಿದ್ದ 'ಳ' ಅಲ್ಲ, 'ೞ' ಅಂತೆ. ಫೋಟೋ ಕಳಿಸಿದ್ದಾರೆ, ತಿದ್ದಿ, ಹೊಸ ಹೆಸರಿನಲ್ಲಿ ಏರಿಸಿದ್ದೇನೆ.