ಹಸಿರು ಕಟ್ಟಡಕ್ಕೆ ಊರವರೇ ಮೇಷ್ಟ್ರು

‘ಹಸಿರು ಕಟ್ಟಡ’ ಎಂಬ ಪ್ರಮಾಣಪತ್ರ ಸಾಮಾನ್ಯವಾಗಿ ಸಿಗುವುದು ನಕ್ಷೆ ಮತ್ತು ಲೆಕ್ಕಾಚಾರದ ಬಲದ ಮೇಲೆ. ಅಮೆರಿಕದ ಸಿಯಾಟಲ್ ಭಾಗದಲ್ಲಿ ಬೆಳೆದ ಇಂಟರ್‌ನ್ಯಾಷನಲ್ ಲಿವಿಂಗ್ ಫ್ಯೂಚರ್ ಇನ್‌ಸ್ಟಿಟ್ಯೂಟ್‌ಗೆ ಅದು ಸಾಲದು. ಜನ ಒಳಗೆ ಬಂದು ಸತತ 12 ತಿಂಗಳು ಬಳಸಲಿ, ಆಮೇಲೆ ಮೀಟರ್ ಏನು ಹೇಳುತ್ತದೋ ನೋಡೋಣ ಎನ್ನುತ್ತದೆ ಅದು. ವಾಸ್ತುಶಿಲ್ಪಿ ಜೇಸನ್ ಮೆಕ್‌ಲೆನನ್ 2006ರಲ್ಲಿ ಮುಂದಿಟ್ಟ ಈ ಪರೀಕ್ಷೆಯ ಹೆಸರು ಲಿವಿಂಗ್ ಬಿಲ್ಡಿಂಗ್ ಚಾಲೆಂಜ್. ಸ್ಥಳ, ನೀರು, ಶಕ್ತಿ, ಆರೋಗ್ಯ, ಸಾಮಗ್ರಿ, ನ್ಯಾಯ, ಸೌಂದರ್ಯ ಎಂದು ಇದಕ್ಕೆ ಏಳು ದಳಗಳು.

ಇಷ್ಟು ಕಠಿಣ ಪರೀಕ್ಷೆಗೆ ಕೂರುವವರನ್ನು ಹುಡುಕುವುದು ಸಂಬಳದ ಸಿಬ್ಬಂದಿಯಿಂದ ಆಗುವ ಕೆಲಸವಲ್ಲ. ಅದಕ್ಕೇ ಸಂಸ್ಥೆ ಸ್ವಯಂಸೇವಕರನ್ನು ತಯಾರು ಮಾಡಿತು. ಕೆಲವರಿಗೆ ವಿಷಯವನ್ನು ಸಭೆಗಳಲ್ಲಿ ಪರಿಚಯಿಸುವ ತರಬೇತಿ. ಇನ್ನು ಕೆಲವರಿಗೆ ತಮ್ಮೂರಿನಲ್ಲೇ ಗುಂಪು ಕಟ್ಟಿ ನಡೆಸುವ ತರಬೇತಿ. ಈ ಗುಂಪುಗಳಿಗೆ ಅಲ್ಲಿ ‘ಕೊಲ್ಯಾಬರೇಟಿವ್’ ಎನ್ನುತ್ತಾರೆ.

ನನ್ನ ಲೆಕ್ಕದಲ್ಲಿ ಎರಡನೆಯದೇ ಕಷ್ಟ. ಭಾಷಣವನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದು. ಆದರೆ ಎಂಜಿನಿಯರು, ಗುತ್ತಿಗೆದಾರ, ಪಾಲಿಕೆಯ ಅಧಿಕಾರಿ, ಪಕ್ಕದ ಮನೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಮುಂದಿನ ಸಭೆಗೂ ಬರುವಂತೆ ಮಾಡಲು ಬೇರೆಯದೇ ಜಾಣ್ಮೆ ಬೇಕು.

ಇಷ್ಟೆಲ್ಲ ಜನ ಯಾಕೆ ಬೇಕು ಎನ್ನುವವರು ಸಿಯಾಟಲ್‌ನ ಬುಲ್ಲಿಟ್ ಸೆಂಟರ್ ಕಥೆ ಕೇಳಬೇಕು. 1970ರ ಮೊದಲ ಭೂಮಿ ದಿನವನ್ನು ಸಂಘಟಿಸಿದ ಡೆನಿಸ್ ಹೇಯ್ಸ್ ಮುಂದಾಳತ್ವದಲ್ಲಿ ಎದ್ದು, ಇದೇ ಪರೀಕ್ಷೆಗೆ ಕೂತ ಆರಂತಸ್ತಿನ ಕಚೇರಿ ಅದು. 2013ರ ಭೂಮಿ ದಿನದಂದೇ ಅದರ ಬಾಗಿಲು ತೆರೆಯಿತು. ಮೋಡ ಕವಿದ ಊರು, ಆದರೂ ವರ್ಷವಿಡೀ ಬಳಸುವಷ್ಟು ವಿದ್ಯುತ್ತನ್ನು ಚಾವಣಿಯ 575 ಸೌರಫಲಕಗಳಿಂದಲೇ ಉತ್ಪಾದಿಸಬೇಕು. ಆರು ಅಂತಸ್ತಿಗೆ ಸಾಲುವಷ್ಟು ಫಲಕ ಕೂರಿಸಲು ಚಾವಣಿ ಕಟ್ಟಡದ ಅಂಚು ದಾಟಿ ಪಾದಚಾರಿ ಮಾರ್ಗದ ಮೇಲೆ ಚಾಚಿಕೊಂಡಿತು, ಅಗಲ ಅಂಚಿನ ಟೋಪಿಯ ಹಾಗೆ. ಅದಕ್ಕೆ ನಗರದ ಅನುಮತಿ ಬೇಕಿತ್ತು. ನೆಲಮಾಳಿಗೆಯಲ್ಲಿ ಎರಡು ಲಕ್ಷ ಲೀಟರಿಗೂ ಹೆಚ್ಚು ಮಳೆನೀರು ಹಿಡಿಯುವ ತೊಟ್ಟಿ ಸಿದ್ಧವಿತ್ತು. ಆ ನೀರನ್ನು ಕುಡಿಯಲು ಒಪ್ಪಿಗೆ ಸಿಗಲು ವರ್ಷಗಳೇ ಹಿಡಿದವು. ಒಂದು ಜಲನಿರೋಧಕ ಲೇಪನದಲ್ಲಿ ಚಾಲೆಂಜ್‌ನ ನಿಷಿದ್ಧ ಪಟ್ಟಿಯ ರಾಸಾಯನಿಕ ಇದೆ ಎಂದು ಗೊತ್ತಾದಾಗ ತಯಾರಕರು ಸೂತ್ರವನ್ನೇ ಬದಲಿಸಿದರು. ಹೀಗೆ ಒಂದೊಂದು ಹೆಜ್ಜೆಗೂ ಬೇರೆ ಬೇರೆಯವರನ್ನು ಒಪ್ಪಿಸಬೇಕಾಯಿತು. ಕಟ್ಟಡ ಏಳುವ ಮೊದಲೇ, 2009ರಲ್ಲಿ, ಇಂಥ ಪ್ರಯೋಗಗಳಿಗೆಂದು ಸಿಯಾಟಲ್ ನಗರ ನಿಯಮ ಸಡಿಲಿಸುವ ಯೋಜನೆಯೊಂದನ್ನು ತಂದಿತ್ತು.

ಎಲ್ಲವೂ ಗೆಲ್ಲಲಿಲ್ಲ. ಮಲವನ್ನು ಗೊಬ್ಬರ ಮಾಡುವ ಶೌಚಾಲಯಗಳನ್ನು ಕೆಲವು ವರ್ಷ ನಡೆಸಿ ಕೈಬಿಟ್ಟರು, ಈಗ ಅವುಗಳ ಜಾಗದಲ್ಲಿ ಒಳಚರಂಡಿಗೆ ಸೇರುವ ವ್ಯವಸ್ಥೆ ಇದೆ. ಸ್ವಯಂಸೇವಕರ ಪಾಠದಲ್ಲಿ ಇಂಥ ಸೋಲಿಗೂ ಜಾಗ ಇರಬೇಕು. ಬರೀ ಗೆಲುವನ್ನೇ ಬಣ್ಣಿಸಿದರೆ ಕೇಳುವ ಮೇಸ್ತ್ರಿ ನಕ್ಕು ಎದ್ದು ಹೋಗುತ್ತಾನೆ.

ನಮ್ಮಲ್ಲಿ ಸಂಸ್ಥೆಗಳಿಗೇನೂ ಬರವಿಲ್ಲ. ಭಾರತೀಯ ಕೈಗಾರಿಕಾ ಒಕ್ಕೂಟ 2001ರಲ್ಲಿ ಹೈದರಾಬಾದ್ ಕೇಂದ್ರವಾಗಿ ಹುಟ್ಟುಹಾಕಿದ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್‌ಗೆ ಬೆಂಗಳೂರಿನಲ್ಲೂ ಶಾಖೆ ಇದೆ. ಆದರೆ ಇಂಥ ವೇದಿಕೆಗಳ ಮಾತು ವೃತ್ತಿಪರರ ವಲಯ ದಾಟಿ ಬಡಾವಣೆಗೆ ಇಳಿಯುವುದು ಕಡಿಮೆ. 2009ರಲ್ಲೇ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು: 30x40 ಅಡಿ ಅಥವಾ ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗೂ, 40x60 ಅಡಿ ಅಥವಾ ಅದಕ್ಕೂ ದೊಡ್ಡ ನಿವೇಶನದ ಹಳೆ ಮನೆಗೂ. ಸಿಯಾಟಲ್‌ನಲ್ಲಿ ಆಸಕ್ತರು ಮುಂದೆ ಬಂದ ಮೇಲೆ ಕಾನೂನು ಬಾಗಿತು. ಇಲ್ಲಿ ಕಾನೂನು ಮೊದಲು ಬಂತು. ಫಿಲ್ಟರ್ ತೊಳೆಯುವುದು ಹೇಗೆ, ಇಂಗುಗುಂಡಿ ಎಲ್ಲಿ ತೋಡಬೇಕು ಎಂದು ಬೀದಿಬೀದಿಯಲ್ಲಿ ಹೇಳಿಕೊಡುವ ಗುಂಪುಗಳು ಇನ್ನೂ ಸಾಲದು. ನಿವಾಸಿಗಳ ಸಂಘಗಳೇ ಈ ಕೆಲಸಕ್ಕೆ ತಕ್ಕ ಜಾಗ.

ಮಗನೋ ಮಗಳೋ ಸಿಯಾಟಲ್‌ನಲ್ಲಿದ್ದರೆ, ಅಲ್ಲಿಗೆ ಹೋದಾಗ ಮ್ಯಾಡಿಸನ್ ರಸ್ತೆಯ ಆ ಟೋಪಿ ಕಟ್ಟಡವನ್ನು ನೋಡಿ ಬನ್ನಿ. ಅದಕ್ಕೂ ಮೊದಲು, ನಿಮ್ಮ ಸಂಘದ ನಾಲ್ಕು ಜನರನ್ನು ಕರೆದುಕೊಂಡು ಜಯನಗರ ಐದನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆನೀರು ಸಂಗ್ರಹ ಥೀಮ್ ಪಾರ್ಕಿಗೆ ಒಮ್ಮೆ ಹೋಗಿ ಬನ್ನಿ.